ಎರಡರಿಂದ ಐದು ವರ್ಷದ ಮಕ್ಕಳನ್ನ ಮನೆಗೆಲಸಕ್ಕೆ ಸೇರಿಸ್ಕೊಳ್ಳೋದು ಹೇಗೆ

ಮನೇಲಿ ಎರಡು ವರ್ಷದ್ದೊಂದು ಐದು ವರ್ಷದ್ದೊಂದು ಇದ್ರೆ ದಿನಾ ಸಂಜೆ ಬರೋ ಪ್ರಶ್ನೆ ಒಂದೇ, ಅಡಿಗೆ ಆಗೋವರೆಗೂ ಇವರನ್ನ ಏನ್ ಮಾಡೋದು ಅಂತ. ಎಷ್ಟೋ ಮನೇಲಿ ಮೊಬೈಲ್ ಕೊಟ್ಟು ಕೂರಿಸ್ತಾರೆ, ಅರ್ಧ ಗಂಟೆ ಸದ್ದಿಲ್ಲ, ಸಾರು ಕುದಿಯುತ್ತೆ ಅನ್ನ ಆಗುತ್ತೆ, ಆಮೇಲೆ ಮೊಬೈಲ್ ಈಸ್ಕೊಳ್ಳೋವಾಗ ಶುರುವಾಗೋ ರಂಪ ಇದ್ಯಲ್ಲ ಅದು ಊಟ ಮುಗಿದ್ರೂ ನಿಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲೇ ಹೇಳಿದ್ದಾರೆ, ಒಂದು ವರ್ಷದೊಳಗಿನ ಕೂಸಿಗೆ ಸ್ಕ್ರೀನೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟಬಾರ್ದು, ಕಮ್ಮಿ ಆದಷ್ಟೂ ಒಳ್ಳೇದು ಅಂತ. ಸರಿ, ಮಿಕ್ಕಿದ ಹೊತ್ತಿಗೆ ಏನು? ನೀವು ಯಾವ ಕೆಲಸ ಮಾಡ್ತಿದೀರೋ ಅದರಲ್ಲೇ ಒಂದು ಚೂರು ಅವರಿಗೂ ಕೊಡಿ. ಸುಮ್ನೆ ಸಮಾಧಾನಕ್ಕೆ ಕೊಡೋ ಕೆಲಸ ಬೇಡ, ಅವರು ಮಾಡಿದ್ರೆ ಮನೆಗೆ ಉಪಯೋಗ ಆಗೋ ಅಂಥದ್ದು. ಪ್ಲಾಸ್ಟಿಕ್ ಅಡಿಗೆ ಸೆಟ್ಟು ಎರಡು ದಿನಕ್ಕೆ ಮಂಚದಡಿ ಸೇರುತ್ತೆ, ಅದೇ ಅವರೆಕಾಯಿ ರಾಶಿ ಮುಂದೆ ಕೂತ ಮಗು ಊಟಕ್ಕೆ ಕರೆದ್ರೂ ಎದ್ದು ಬರಲ್ಲ.

ಮೊದಲು ಕೆಲಸ ಹೇಳೋ ರೀತಿ. "ಮನೆ ನೀಟಾಗಿಡು" ಅಂದ್ರೆ ಮೂರು ವರ್ಷದ ಮಗುಗೆ ಏನೂ ಅರ್ಥ ಆಗಲ್ಲ, ಪಾಪ ಸುಮ್ನೆ ನಿಮ್ಮ ಮುಖ ನೋಡುತ್ತೆ. "ಈ ಚಪ್ಪಲಿ ತಗೊಂಡೋಗಿ ಸ್ಟ್ಯಾಂಡಲ್ಲಿಡು" ಅಂದ್ರೆ ಓಡೋಗಿ ಇಟ್ಟು ಬರುತ್ತೆ. ಒಂದು ಸಲಕ್ಕೆ ಒಂದೇ ಕೆಲಸ, ಒಂದೇ ವಾಕ್ಯ, ಸಾಧ್ಯ ಆದ್ರೆ ನೀವೇ ಒಂದ್ಸಲ ಮಾಡಿ ತೋರಿಸಿ. ಎರಡು ವರ್ಷಕ್ಕೆ ತಗೊಂಡು ಬರೋದು, ಇಡೋದು, ತುಂಬೋದು, ಸುರಿಯೋದು ಇಷ್ಟೇ ಕೆಲಸ. ಮೂರಕ್ಕೆ ಕೀಳೋದು ಮುರಿಯೋದು ಒರೆಸೋದು ಬರುತ್ತೆ. ನಾಲ್ಕು ಐದಕ್ಕೆ ಬೇರೆ ಬೇರೆ ಮಾಡಿ ಇಡೋದು, ಲೆಕ್ಕ ಹಾಕಿ ತಟ್ಟೆ ಇಡೋದು, ಸಣ್ಣ ಚೊಂಬಲ್ಲಿ ತುಳಸಿಗೆ ನೀರು ಹಾಕೋದು ಎಲ್ಲ ಮಾಡ್ತವೆ. ಇನ್ನೊಂದು ಮುಖ್ಯ ವಿಷಯ, ಮಗು ಮಾಡಿದ ಕೆಲಸನ ಅದರ ಕಣ್ಣೆದುರಿಗೇ ಮತ್ತೆ ಸರಿ ಮಾಡೋಕೆ ಹೋಗ್ಬೇಡಿ. ಟವಲ್ ಸೊಟ್ಟಗೆ ಮಡಚಿದ್ಯಾ, ಹಾಗೇ ಇರ್ಲಿ ಬಿಡಿ, ಟವಲ್ ಸೊಟ್ಟಗಿದ್ರೆ ಯಾರಿಗೂ ಏನೂ ಆಗಲ್ಲ. ಕೆಲಸ ಮಾಡಿದ್ದಕ್ಕೆ ಚಾಕ್ಲೇಟ್ ಕೂಡ ಕೊಡ್ಬೇಡಿ, ಆಮೇಲೆ ಪ್ರತಿ ಸಲ ಕೈ ಚಾಚ್ತವೆ. "ನೀನು ಕರಿಬೇವು ಬಿಡಿಸಿ ಕೊಟ್ಟೆ ನೋಡು, ಒಗ್ಗರಣೆ ಬೇಗ ಆಯ್ತು" ಅಂತ ಆಗಿದ್ದನ್ನ ಆಗಿದ್ದ ಹಾಗೆ ಹೇಳಿದ್ರೆ ಸಾಕು, ಆ ಮುಖ ಅರಳೋದನ್ನ ನೀವೇ ನೋಡಿ.

ಈಗ ಅವರೆಕಾಯಿ ವಿಷಯಕ್ಕೆ ಬರೋಣ, ಯಾಕಂದ್ರೆ ನಮ್ಮ ಮೈಸೂರು ಮಂಡ್ಯ ಕಡೆ ಮಕ್ಕಳನ್ನ ಕೆಲಸಕ್ಕೆ ಕೂರಿಸೋಕೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ. ಡಿಸೆಂಬರ್ ಬಂತು ಅಂದ್ರೆ ಸೊಗಡಿರೋ ಅವರೆಕಾಯಿ ಮಾರ್ಕೆಟ್ಟಲ್ಲೂ ಗಾಡೀಲೂ ರಾಶಿ ಬೀಳುತ್ತೆ, ಎರಡು ಕೆಜಿ ತನ್ನಿ, ಹಾಲಲ್ಲಿ ಹಳೇ ಪೇಪರ್ ಹಾಸಿ ಸುರೀರಿ, ಎಲ್ಲರೂ ಸುತ್ತ ಕೂತ್ಕೊಳ್ಳಿ. ದೊಡ್ಡದಕ್ಕೆ ಕಾಯಿ ತುದಿ ಸ್ವಲ್ಪ ಬಿಚ್ಚಿ ಕೊಟ್ರೆ ಕಾಳು ಬಿಡಿಸುತ್ತೆ, ಚಿಕ್ಕದಕ್ಕೆ ಸಿಪ್ಪೆ ಎಲ್ಲ ಬುಟ್ಟಿಗೆ ತುಂಬೋ ಕೆಲಸ ಕೊಡಿ, ಸಿಪ್ಪೆ ಹಸುಗೆ ಅಂತ ಹೇಳಿದ್ರೆ ಇನ್ನೂ ಜೋರಾಗಿ ತುಂಬುತ್ತೆ, ಆಮೇಲೆ ನಿಜವಾಗ್ಲೂ ಹಸು ಇದ್ದ ಕಡೆ ಕರ್ಕೊಂಡೋಗಿ ಹಾಕಿಸಿ, ಹೇಳಿದ ಮಾತು ತಪ್ಪಬಾರ್ದು. ಹುಳ ಸಿಕ್ರೆ ಕಿರುಚಬೇಡಿ, ಹುಳಾನೂ ತೋರಿಸಿ, ಮಕ್ಕಳಿಗೆ ಅದೇ ಒಂದು ಖುಷಿ. ಹಿತಕಿದ ಬೇಳೆ ಮಾಡೋದಾದ್ರೆ ಕಾಳನ್ನ ರಾತ್ರಿನೇ ನೀರಲ್ಲಿ ನೆನೆಸಿಡಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳಲ್ಲಿ ಒತ್ತಿದ್ರೆ ಬೇಳೆ ಪುಳಕ್ ಅಂತ ಆಚೆ ಹಾರುತ್ತೆ, ಐದು ವರ್ಷದ ಮಗು ಇದನ್ನ ಎರಡು ಮೂರು ಸಲಕ್ಕೇ ಕಲ್ತುಬಿಡುತ್ತೆ. ಅಗಲವಾದ ಪಾತ್ರೆ ಇಟ್ಟು ಪಾತ್ರೆ ಒಳಗೇ ಕೈ ಇಟ್ಕೊಂಡು ಹಿತಕೋಕೆ ಹೇಳ್ಕೊಡಿ, ಇಲ್ದಿದ್ರೆ ಅರ್ಧ ಬೇಳೆ ಸೋಫಾ ಕೆಳಗೆ ಹೋಗುತ್ತೆ.

ಒಂದು ಎಚ್ಚರ. ಈ ವಯಸ್ಸಿನ ಮಕ್ಕಳು ಕಾಳನ್ನ ಮೂಗಿಗೆ ಹಾಕ್ಕೋತವೆ. ಹಾಕ್ಕೊಂಡ್ರೆ ಪಿನ್ನು ಬೆರಳು ಏನೂ ಹಾಕಿ ಕೆದಕ್ಬೇಡಿ, ಇನ್ನೂ ಒಳಗೆ ಹೋಗುತ್ತೆ, ಕಾಳು ತೇವಕ್ಕೆ ಊದುತ್ತೆ ಬೇರೆ, ಸೀದಾ ಡಾಕ್ಟರ್ ಹತ್ರ ಕರ್ಕೊಂಡೋಗಿ. ಹಾಗಾಗಿ ಎರಡು ವರ್ಷದ್ದರ ಕೈಗೆ ಸಿಪ್ಪೆ ಮಾತ್ರ, ಕಾಳು ಬೇಡ. ಅವರೆ ಕಾಲ ಮುಗಿದ್ಮೇಲೆ ಬೀನ್ಸ್ ಮುರಿಯೋದು, ದಂಟಿನ ಸೊಪ್ಪು ಕೀರೆ ಸೊಪ್ಪು ಬಿಡಿಸೋದು, ಕರಿಬೇವು ಕೀಳೋದು ವರ್ಷಪೂರ್ತಿ ಇದ್ದೇ ಇದೆ. ಮೆಣಸಿನಕಾಯಿ, ಬೆಳ್ಳುಳ್ಳಿ ಎರಡೂ ಕೊಡಬೇಡಿ, ಅದೇ ಕೈ ಕಣ್ಣಿಗೆ ಹೋಗುತ್ತೆ.

ಊಟದ ವಿಷಯದಲ್ಲಿ ನನಗೆ ತುಂಬ ಅನ್ಸೋದು ಅಂದ್ರೆ, ಚಿಕ್ಕ ಮಕ್ಕಳಿರೋ ಮನೆಗೆ ಮಂಡ್ಯದ ಉಪ್ಸಾರಿನಷ್ಟು ಅನುಕೂಲದ ಅಡಿಗೆ ಇನ್ನೊಂದಿಲ್ಲ. ಮಕ್ಕಳಿಗೇ ಬೇರೆ ಅಡಿಗೆ ದೊಡ್ಡವರಿಗೇ ಬೇರೆ ಅಡಿಗೆ ಅಂತ ಎರಡೆರಡು ಸಲ ಒಲೆ ಮುಂದೆ ನಿಲ್ಲೋರು ಇದನ್ನ ಒಂದ್ಸಲ ಮಾಡಿ ನೋಡಿ. ಕಾಳು ಸೊಪ್ಪು ಒಟ್ಟಿಗೆ ಬೇಯಿಸಿ ಉಪ್ಪು ಹಾಕಿದ್ರೆ ಸಾರು ಆಯ್ತು, ಖಾರ ಬೇರೆ ಇರುತ್ತಲ್ಲ, ಮೆಣಸಿನಕಾಯಿ ಬೆಳ್ಳುಳ್ಳಿ ಜೀರಿಗೆ ಮೆಣಸು ಹುಣಸೆಹಣ್ಣು ಹಾಕಿ ಅರೆದಿಟ್ಟಿರೋದು, ಅದನ್ನ ದೊಡ್ಡವರು ಅವರವರ ತಟ್ಟೇಲಿ ಬೇಕಾದಷ್ಟು ಕಲಸ್ಕೋತಾರೆ, ಮಕ್ಕಳಿಗೆ ಖಾರ ಇಲ್ದೇ ಅದೇ ಸಾರು. ಎರಡು ವರ್ಷದ ಮಗುಗೆ ಕಾಳನ್ನ ಚೆನ್ನಾಗಿ ಹಿಸುಕಿ ಕೊಡಿ. ವರ್ಷ ತುಂಬದ ಕೂಸಿದ್ರೆ ಉಪ್ಪು ಹಾಕೋಕೆ ಮುಂಚೆನೇ ಒಂದು ಸೌಟು ತೆಗೆದಿಟ್ಬಿಡಿ. ಬಸ್ಸಾರು ಮಾಡೋ ದಿನ ಬಸಿದಿಟ್ಟ ಕಾಳು ಸೊಪ್ಪಲ್ಲಿ ಅವರ ಪಾಲು ಮೊದಲೇ ತೆಗೆದು, ಆಮೇಲೆ ಮಿಕ್ಕಿದ್ದಕ್ಕೆ ಖಾರದ ಒಗ್ಗರಣೆ ಹಾಕೊಳ್ಳಿ.

ಮುದ್ದೇಲೂ ಮಕ್ಕಳಿಗೆ ಪಾಲಿದೆ. ಒಲೆ ಮೇಲೆ ಹಿಟ್ಟು ತಿರುವೋವಾಗ ಅಡಿಗೆಮನೆ ಹತ್ರಾನೂ ಬರೋ ಹಾಗಿಲ್ಲ, ಅದು ಕಟ್ಟುನಿಟ್ಟು, ಆ ಹೊತ್ತಲ್ಲಿ ಅಪ್ಪ ಜರಡಿ ಹಿಡಿದು ನಾಳೆಗೆ ಬೇಕಾದ ರಾಗಿ ಹಿಟ್ಟು ಜರಡಿ ಆಡಿಸ್ತಾ ಆಚೆ ಕೂರಿಸ್ಕೊಳ್ಳಲಿ. ಆ ಹೊತ್ತಿಗೆ ಕತೆಗೂ ಬರ ಇಲ್ಲ, ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ಲಕ್ಷ್ಮಣಯ್ಯ ಅಂತ ಒಬ್ರು ವಿಜ್ಞಾನಿ ಇದ್ರು ಮಗ, ಅವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡ್ಸಿ ಇಂಡಾಫ್ ಅಂತ ಹೊಸ ರಾಗಿ ತಂದ್ರು, ರೈತರಿಗೆ ಇಳುವರಿ ಜಾಸ್ತಿ ಸಿಕ್ತು ಅಂತ ಹೇಳಿ, ಆಫ್ರಿಕಾ ಎಲ್ಲಿ ಅಂದ್ರೆ ನಮ್ಮ ಝೂನಲ್ಲಿರೋ ಜಿರಾಫೆ ಊರು ಅಂದ್ರೆ ಆಯ್ತು. ಮುದ್ದೆ ಕಟ್ಟೋವಾಗ ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಬೇರೆ ತಟ್ಟೇಲಿ ಆರೋಕಿಡಿ. ಮುದ್ದೆ ಮೇಲೆ ತಣ್ಣಗಿದ್ರೂ ಒಳಗೆ ಸುಡ್ತಾ ಇರುತ್ತೆ, ಮುರಿದು ಬೆರಳಿಟ್ಟು ನೋಡೇ ಕೊಡ್ಬೇಕು. ಕೈಗೆ ನೀರು ಸವರಿ, ಅವರ ಮುದ್ದೆ ಅವರೇ ಕಟ್ಟಲಿ, ಮೇಲೆ ಗುಂಡಿ ಮಾಡಿ ತುಪ್ಪ ಬಿಡಿ. ತಾನೇ ಕಟ್ಟಿದ ಮುದ್ದೆ ಅಂದ್ರೆ ತಿನ್ನೋಕೆ ಬಲವಂತ ಬೇಕಾಗಲ್ಲ. ಹಾಲು ಕುಡಿಯಲ್ಲ ಅಂತ ಕೊರಗೋ ಅಮ್ಮಂದಿರಿಗೆ ಒಂದು ಮಾತು, 100 ಗ್ರಾಂ ರಾಗೀಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, 100 ಮಿಲಿ ಹಾಲಲ್ಲಿ ಇರೋದು ಸುಮಾರು 120. ಲೋಟಗಟ್ಟಲೆ ಹಾಲು ಕುಡಿಸಿದ್ರೆ ಹೊಟ್ಟೆ ತುಂಬಿ ಊಟ ಬೇಡ ಅಂತವೆ, ದಿನಕ್ಕೆ ಅರ್ಧ ಲೀಟರ್ ದಾಟಿಸಬೇಡಿ.

ಮಕ್ಕಳು ಕೆಲಸಕ್ಕೆ ಓಡಾಡೋ ಮನೆ ಅಂದ್ಮೇಲೆ ಮನೇನೂ ಅದಕ್ಕೆ ತಕ್ಕ ಹಾಗಿರ್ಬೇಕು, ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ. ನಮ್ಮ ಕಡೆ ಮನೆ ಮುಂದೇನೇ ಸಂಪು ಇರುತ್ತೆ, ನೀರು ಬಿಟ್ಟ ದಿನ ಮುಚ್ಚಳ ತೆಗೆದು ನೋಡಿ ಹಾಗೇ ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ತೀವಿ. ಬೇಡ. ಮುಚ್ಚಳಕ್ಕೆ ಬೀಗ ಹಾಕಿಸಿ, ಬೀಗದ ಕೈ ಮೇಲೆ ಮೊಳೆಗೆ ನೇತಾಕಿ. ಬಚ್ಚಲಲ್ಲಿ ಬಕೆಟ್ ತುಂಬಿಸಿ ಇಟ್ಟು ಬರಬೇಡಿ, ನಾಲ್ಕು ಬೆರಳು ನೀರಿದ್ರೂ ತಲೆಕೆಳಗಾಗಿ ಬಿದ್ದ ಮಗುಗೆ ಎದ್ದೇಳೋಕೆ ಆಗಲ್ಲ, ಕೆಲಸ ಆದ್ಮೇಲೆ ಬಕೆಟ್ ಬೋರಲು ಹಾಕೋದು ಅಭ್ಯಾಸ ಆಗ್ಲಿ. ಫಿನಾಯಿಲ್, ಆಸಿಡ್ಡು ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿಡೋದು ಇವತ್ತೇ ನಿಲ್ಲಿಸಿ. ನೆಲದ ಮೇಲೆ ಕೂತು ಊಟ ಮಾಡೋರು ಬಿಸಿ ಸಾರಿನ ಪಾತ್ರೇನ ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡಿ. ಕೈ ಸುಟ್ರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡೀರಿ, ಪೇಸ್ಟು ಇಂಕು ಅರಿಶಿನ ಏನೂ ಹಚ್ಚಬೇಡಿ, ಬೊಬ್ಬೆ ಎದ್ರೆ ಆಸ್ಪತ್ರೆಗೆ. ಇಡೀ ಕಡ್ಲೆಬೀಜ ಐದು ವರ್ಷದ ತನಕ ಬೇಡ, ಗಂಟಲಲ್ಲಿ ಸಿಗುತ್ತೆ, ಪುಡಿ ಮಾಡಿ ಚಟ್ನಿಪುಡೀಲಿ ಕೊಡಿ. ರಿಮೋಟಿನ ಗುಂಡು ಸೆಲ್ಲು ನುಂಗಿದ ಅನುಮಾನ ಬಂದ್ರೂ ಸಾಕು, ನಾಳೆ ನೋಡೋಣ ಅನ್ನೋದೇ ಬೇಡ, ಆಗಲೇ ಹೊರಡಿ.

ಇನ್ನು ಮನೆ ಹಿರಿಯರು. ಊರಿಂದ ಬಂದ ಅಜ್ಜಿ ನೋಡಿದ ತಕ್ಷಣ "ಅಯ್ಯೋ ಪಾಪ, ಅಷ್ಟುದ್ದ ಕೂಸಿಗೂ ಕೆಲಸ ಹಚ್ಚವ್ಳೆ ನೋಡು" ಅಂತ ಸೊಪ್ಪು ಕಿತ್ಕೊಂಡು ತಾವೇ ಬಿಡಿಸೋಕೆ ಕೂತ್ಕೋತಾರೆ. ಅವರ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ಪ್ರೀತಿಯಿಂದ ಹೇಳೋದು ಅವರು. "ಅತ್ತೆ, ನಿಮ್ಮಷ್ಟು ಚೆನ್ನಾಗಿ ಹಿತಕೋಕೆ ನಂಗೆ ಬರಲ್ಲ, ನೀವೇ ಇವಳಿಗೆ ಹೇಳ್ಕೊಡಿ" ಅಂದುಬಿಡಿ. ಆಮೇಲೆ ಅಜ್ಜಿ ಮೊಮ್ಮಗಳು ಸೇರಿ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಅಜ್ಜಿ ತೌರುಮನೆ ಕತೆ ಎಲ್ಲ ಆಚೆ ಬರುತ್ತೆ, ನಮಗೇ ಗೊತ್ತಿಲ್ಲದ ಕತೆಗಳು. ಆದ್ರೆ ಒಂದು ಮಾತಿಗೆ ಮಾತ್ರ ಬಗ್ಗಬೇಡಿ, "ಗಂಡು ಹುಡುಗ ಕಸ ಗುಡಿಸ್ತಾನಾ" ಅನ್ನೋದಕ್ಕೆ. ಅಪ್ಪ ದಿನಾ ಒಂದು ಕೆಲಸ ಮಗನ ಕಣ್ಣಿಗೆ ಕಾಣೋ ಹಾಗೆ ಮಾಡಲಿ, ತಟ್ಟೆ ತೊಳೀಲಿ, ಬಟ್ಟೆ ಒಣಗಾಕಲಿ, ಹುಡುಗ ತಾನಾಗೇ ಹಿಂದೆ ಹೋಗ್ತಾನೆ.

ಬಟ್ಟೆ ಕೆಲಸ ಸುಲಭ, ಕ್ಲಿಪ್ ಎತ್ತಿ ಕೊಡೋದು, ಸಾಕ್ಸ್ ಜೋಡಿ ಹುಡುಕೋದು, ಕರ್ಚೀಫ್ ಮಡಚೋದು, ಅಷ್ಟೇ.

ಸಂಜೆ ಐದರಿಂದ ಆರೂವರೆ ಮಾತ್ರ ಮನೆ ಒಳಗಿನ ಕೆಲಸ ಯಾವುದೂ ಹೇಳಬೇಡಿ, ಆಚೆ ಬಿಡಿ, ಮಣ್ಣಲ್ಲಿ ಆಡ್ಲಿ, ಬೀದಿ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡ್ಲಿ. ಭಾನುವಾರ ಆದ್ರೆ ಬೇಗ ತಿಂಡಿ ಕೊಟ್ಟು ಅರಮನೆ ದೀಪ ನೋಡೋಕೆ ಕರ್ಕೊಂಡೋಗಿ, ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತೆ. ಮಳೆ ದಿನ ಐದು ವರ್ಷದ್ದಕ್ಕೆ ಚೌಕಾಬಾರ ಹೇಳ್ಕೊಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದ್ರೆ ಆಯ್ತು, ಕವಡೆ ಎಣಿಸ್ತಾ ಎಣಿಸ್ತಾ ಲೆಕ್ಕ ಬಂದ್ಬಿಡುತ್ತೆ. ಚಿಕ್ಕದು ಪಕ್ಕದಲ್ಲಿದ್ರೆ ಕವಡೆ ಕಾಯಿ ಮೇಲೆ ಕಣ್ಣಿರ್ಲಿ.

ರಾತ್ರಿ ನಿದ್ದೆ ಕೆಟ್ರೆ ಮಾರನೇ ದಿನ ಯಾವ ಕೆಲಸಾನೂ ನಡೆಯಲ್ಲ. ಒಂದರಿಂದ ಎರಡು ವರ್ಷದವರಿಗೆ ಹಗಲು ನಿದ್ದೆ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಏಳಕ್ಕೆ ಎಬ್ಬಿಸೋ ಮನೇಲಿ ರಾತ್ರಿ ಒಂಬತ್ತಕ್ಕೆ ಲೈಟ್ ಆಫ್ ಆಗ್ಲೇಬೇಕು. ಎಂಟಕ್ಕೆ ಊಟ, ಆಮೇಲೆ ಮಕ್ಕಳೇ ಅವರವರ ದಿಂಬು ಹೊದಿಕೆ ಹೊತ್ತು ತರೋದು, ಹಾಸಿಗೆ ಮೂಲೆ ಎಳೆಯೋದು, ಸೊಳ್ಳೆ ಪರದೆ ತುದಿ ಹಿಡ್ಕೊಳ್ಳೋದು, ಟಿವಿ ಆ ಹೊತ್ತಲ್ಲಿ ದೊಡ್ಡವರಿಗೂ ಬೇಡ. ಹಾಸಿಗೆ ಹಾಸೋದು ದಿನಾ ಒಂದೇ ಥರ ಆದ್ರೆ, ದಿಂಬು ಕೈಗೆ ಬಂದ ತಕ್ಷಣ ಆಕಳಿಕೆ ಶುರುವಾಗುತ್ತೆ.

ಇಷ್ಟೆಲ್ಲ ಹೇಳಿದ್ದು ಪುರುಸೊತ್ತಿರೋ ಹೊತ್ತಿಗೆ. ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಿರೋವಾಗ "ನಾನೇ ಶೂ ಹಾಕ್ಕೋತೀನಿ" ಅಂತ ಮಗು ಹಟ ಮಾಡಿದ್ರೆ ಬಯ್ಯೋದು ಬೇಡ, ಒಂದು ಶೂ ನೀನು ಒಂದು ಶೂ ನಾನು ಅಂತ ಮಾಡ್ಕೊಳ್ಳಿ. ಜ್ವರ ಇದ್ದಾಗ, ಹಸಿವಾಗಿದ್ದಾಗ, ನಿದ್ದೆಗಣ್ಣಲ್ಲಿದ್ದಾಗ ಏನೂ ಹೇಳಬೇಡಿ, ಎತ್ಕೊಳ್ಳಿ ಅಷ್ಟೇ. ಯೂನಿಫಾರ್ಮು, ಸಾಕ್ಸು, ನೀರಿನ ಬಾಟಲಿ ಮೂರನ್ನೂ ರಾತ್ರಿ ಮಲಗೋಕೆ ಮುಂಚೆ ಅವರ ಕೈಲೇ ಒಂದು ಕುರ್ಚಿ ಮೇಲೆ ಇಡಿಸಿ, ಬೆಳಿಗ್ಗೆ ಹುಡುಕಾಡೋದು ತಪ್ಪುತ್ತೆ.