ಕಿಂಡಲ್‌ನಲ್ಲಿ ಕನ್ನಡ ಪುಸ್ತಕ ಜೋಡಿಸಿಕೊಂಡ ಬಗೆ

ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ನಲ್ಲಿ ಕಲೆಕ್ಷನ್, ಅಂದರೆ ಪುಸ್ತಕಗಳ ಗುಂಪು, ಮಾಡೋದು ಸುಲಭ. ಹೊತ್ತು ಹಿಡಿಯೋದು ಅದಕ್ಕೂ ಮೊದಲು, ಪುಸ್ತಕದ ಹೆಸರು ಮತ್ತು ಲೇಖಕರ ಹೆಸರು ಸರಿಮಾಡೋದಕ್ಕೆ.

ನನ್ನ ಇ-ಪುಸ್ತಕಗಳು ನಾನಾ ಕಡೆಯಿಂದ ಬಂದವು. ನಮ್ಮ ದುರ್ಗದ ಪಾಳೆಯಗಾರರ ಮೇಲೆ ಕಾದಂಬರಿ ಬರೆದ ತರಾಸು ಅವರನ್ನೇ ನೋಡಿ. ಒಂದು ಫೈಲಿನಲ್ಲಿ ‘ತರಾಸು’, ಇನ್ನೊಂದರಲ್ಲಿ ‘ತ.ರಾ.ಸು.’, ಮತ್ತೊಂದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸುಬ್ಬರಾವ್’. ಪಟ್ಟಿಯಲ್ಲಿ ಒಬ್ಬರೇ ಮೂರು ಕಡೆ ಕೂತಿರ್ತಾರೆ. ಕಂಪ್ಯೂಟರಿನಲ್ಲಿ ಇ-ಪುಸ್ತಕ ಜೋಡಿಸುವ ಕ್ಯಾಲಿಬರ್ ಅನ್ನೋ ತಂತ್ರಾಂಶ ಹಾಕಿಕೊಂಡೆ, ಅದು ಉಚಿತ. ಅದರ ‘ಮ್ಯಾನೇಜ್ ಆಥರ್ಸ್’ನಲ್ಲಿ ಹೆಸರು ಬದಲಿಸಿದರೆ ಆ ಹೆಸರಿನ ಎಲ್ಲ ಪುಸ್ತಕಕ್ಕೂ ಹತ್ತುತ್ತೆ. ಆದರೆ ಕ್ಯಾಲಿಬರ್ ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರು ಅಂದುಕೊಂಡು ಜೋಡಿಸುವಾಗ ಮುಂದಕ್ಕೆ ತರುತ್ತೆ. ಊರು, ಅಪ್ಪನ ಹೆಸರಿನ ಅಕ್ಷರ ಮೊದಲು ಬರೆಯುವ ನಮಗೆ ಅದು ಒಗ್ಗಲ್ಲ. ಕ್ಯಾಲಿಬರ್ ಸೆಟ್ಟಿಂಗ್‌ನ ‘ಟ್ವೀಕ್ಸ್’ನಲ್ಲಿ ಆಥರ್ ಸಾರ್ಟ್ (ಲೇಖಕರ ಹೆಸರು ಜೋಡಿಸುವ) ವಿಧಾನವನ್ನು ‘ಕಾಪಿ’ ಅಂತ ಇಟ್ಟರೆ ಹೆಸರು ಬರೆದ ಹಾಗೇ ಉಳಿಯುತ್ತೆ.

ಇಲ್ಲಿ ತಿದ್ದಿದ್ದು ಮೂಲ ಫೈಲಿಗೆ ತಾನಾಗೇ ಹೋಗಲ್ಲ. ‘ಸೇವ್ ಟು ಡಿಸ್ಕ್’ ಕೊಟ್ಟು ಬಂದ ಇಪಬ್ (ಇ-ಪುಸ್ತಕದ ಒಂದು ನಮೂನೆ) ಫೈಲನ್ನೇ ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ವೆಬ್ ಪುಟದಿಂದ ಕಳಿಸಬೇಕು. ಕಳಿಸಿದ ಮೇಲೆ ತಿದ್ದಿ ಮತ್ತೆ ಕಳಿಸಿದರೆ ಅದು ಹೊಸ ಪುಸ್ತಕ, ಹಳೇ ಕಲೆಕ್ಷನ್‌ಗೆ ಸೇರಲ್ಲ. ಹಾಗಾಗಿ ಹೆಸರು ಮೊದಲು, ಕಲೆಕ್ಷನ್ ಆಮೇಲೆ.

ಕಾದಂಬರಿ, ಕವಿತೆ, ಪ್ರಬಂಧ ಅಂತ ನಾನು ವಿಂಗಡಿಸಲಿಲ್ಲ. ಎಲ್ಲಿ, ಯಾವಾಗ ಓದ್ತೀನಿ ಅನ್ನೋದರ ಮೇಲೆ ಮಾಡಿದೆ. ಕೆಲಸಕ್ಕೆ ಚಿತ್ರದುರ್ಗದಿಂದ ದಾವಣಗೆರೆಗೆ ಓಡಾಡ್ತೀನಿ. ‘1 ಬಸ್ಸಿಗೆ’ ಅನ್ನೋದರಲ್ಲಿ ಸಣ್ಣಕತೆ, ವಚನ, ಇಳಿಯೋ ಹೊತ್ತಿಗೆ ಮುಗಿಯುವಂಥವು. ‘2 ರಾತ್ರಿಗೆ’ ದೊಡ್ಡ ಕಾದಂಬರಿಗಳು. ಮುಂದೆ ಅಂಕಿ ಹಾಕಿದ್ದರಿಂದ ಹೆಸರಿನ ಪ್ರಕಾರ ಜೋಡಿಸಿದಾಗ ಇವು ಮೇಲೆಯೇ ಸಿಗುತ್ತವೆ. ಒಂದೇ ಪುಸ್ತಕ ಎರಡು ಕಲೆಕ್ಷನ್‌ನಲ್ಲಿ ಇರಬಹುದು. ಕಲೆಕ್ಷನ್ ಅಳಿಸಿದರೆ ಪುಸ್ತಕ ಅಳಿಯಲ್ಲ, ಆ ಹೆದರಿಕೆ ಬೇಡ.

ನನಗೆ ತುಂಬಾ ಇಷ್ಟದ್ದು ‘3 ದುರ್ಗ’. ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ, ಅಂದರೆ ನಮ್ಮ ಜಿಲ್ಲೆಯ ಶಾಸನಗಳು, ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ ಉತ್ಖನನದ ಬರಹ ಎಲ್ಲ ಅಲ್ಲಿವೆ. ಇವು ಸ್ಕ್ಯಾನ್ ಮಾಡಿದ ಪಿಡಿಎಫ್, ಭಾರಿ ಗಾತ್ರ. ‘ಸೆಂಡ್ ಟು ಕಿಂಡಲ್’ ಪುಟದಲ್ಲಿ 200 ಎಂಬಿವರೆಗೆ ಮಾತ್ರ ಕಳಿಸಬಹುದು. ಅದಕ್ಕಿಂತ ದೊಡ್ಡದನ್ನು ಕೇಬಲ್‌ನಲ್ಲಿ ಹಾಕಿದೆ. ಹಾಗೆ ಹಾಕಿದವು ಆ ಒಂದು ಕಿಂಡಲ್‌ನ ಕಲೆಕ್ಷನ್‌ನಲ್ಲಷ್ಟೇ ಇರುತ್ತವೆ, ಫೋನಿನ ಕಿಂಡಲ್ ಆ್ಯಪ್‌ಗೆ ಬರಲ್ಲ. ಅಕ್ಷರ ಸಣ್ಣದಾದರೆ ಪರದೆಯನ್ನು ಅಡ್ಡ ತಿರುಗಿಸಿ. ಸಾಲು ಪೂರ್ತಿ ಅಗಲಕ್ಕೆ ಹರಡಿಕೊಳ್ಳುತ್ತೆ, ಶಾಸನದ ಪಾಠ ಆರಾಮಾಗಿ ಓದಬಹುದು.