ನಿಮ್ಮ ಏರ್ ರೈಫಲ್‌ಗೆ ಯಾವ ಪೆಲೆಟ್? ಬ್ಯಾರೆಲ್ಲನ್ನೇ ಕೇಳಿ

ಮಕ್ಕಳನ್ನು ಶೂಟಿಂಗ್ ರೇಂಜಿಗೆ ಕರೆತರುವ ತಂದೆ-ತಾಯಂದಿರು ಬಹುತೇಕ ಮೊದಲ ವಾರವೇ ಕೇಳುತ್ತಾರೆ: ‘ಸರ್, ಬೆಸ್ಟ್ ಪೆಲೆಟ್ ಯಾವುದು?’ ಪೆಲೆಟ್ ಅಂದರೆ ಏರ್ ರೈಫಲಿನ ಪುಟ್ಟ ಸೀಸದ ಗುಂಡು. ಯಲಹಂಕದಿಂದ ಬಂದವರೂ ಜಯನಗರದಿಂದ ಬಂದವರೂ ಮಾಡುವ ತಪ್ಪು ಒಂದೇ. ಪಕ್ಕದ ಲೇನ್‌ನ ಹುಡುಗ ಪದಕ ತಂದನೆಂದು ಅವನು ಬಳಸುವ ಡಬ್ಬಿಯನ್ನೇ ಹತ್ತು ತಂದಿಡುತ್ತಾರೆ. ಅವನ ಬ್ಯಾರೆಲ್, ಅಂದರೆ ರೈಫಲಿನ ನಳಿಗೆ, ಬೇರೆ; ನಿಮ್ಮದು ಬೇರೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳಿಗೂ ಒಂದೇ ಪೆಲೆಟ್ ಒಗ್ಗಬೇಕೆಂದಿಲ್ಲ.

ಮೊದಲು ಸುಲಭದ ಕೆಲಸ. 10 ಮೀಟರ್ ಸ್ಪರ್ಧೆಗೆ 4.5 ಮಿ.ಮೀ. ಪೆಲೆಟ್, ಅದೂ ಚಪ್ಪಟೆ ತಲೆಯದು. ಕಾಗದದಲ್ಲಿ ದುಂಡಗೆ, ಅಂಚು ಹರಿಯದಂತೆ ತೂತು ಮಾಡುವುದು ಅದೊಂದೇ. ಚೂಪು ತಲೆಯದನ್ನು ಅಂಗಡಿಯವರು ಎಷ್ಟೇ ಹೊಗಳಲಿ, ಮುಟ್ಟಬೇಡಿ. ರೈಫಲ್‌ಗೆ ಸುಮಾರು 0.53 ಗ್ರಾಂ ತೂಕದ್ದು, ಪಿಸ್ತೂಲಿಗೆ ಸುಮಾರು 0.45 ಗ್ರಾಮಿನದು.

ಇನ್ನು ತಲೆಯ ಅಳತೆ. ಒಳ್ಳೆಯ ಡಬ್ಬಿಯ ಮೇಲೆ 4.49, 4.50, 4.51 ಎಂದು ಬರೆದಿರುತ್ತದೆ. ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರು ಈ ಲೆಕ್ಕ ನೋಡಿ. ರೈಫಲ್ ಟಾರ್ಗೆಟ್ಟಿನ ಹತ್ತರ ಚುಕ್ಕೆಯ ಅಗಲ ಬರೀ 0.5 ಮಿ.ಮೀ. ಈಗ ಅಂಕ ದಶಾಂಶದಲ್ಲಿ. ತಲೆ ಬ್ಯಾರೆಲ್ಲಿಗೆ ಒಗ್ಗದಿದ್ದರೆ ಗುಂಡು ಸರಿಯುತ್ತದೆ. ನಡುವಿನಿಂದ ಕಾಲು ಮಿಲಿಮೀಟರಿನೊಳಗೆ ಬಿದ್ದರೆ 10.9, ಅಲ್ಲಿಂದಾಚೆ ಕಾಲು ಮಿಲಿಮೀಟರ್ ಸರಿದಂತೆಲ್ಲ 0.1 ಅಂಕ ಹೋಗುತ್ತದೆ. ಅರವತ್ತು ಗುಂಡುಗಳಲ್ಲಿ ಅದೆಷ್ಟಾಯಿತು!

ಜನ ಎಡವುವುದು ಪರೀಕ್ಷೆಯ ಹಂತದಲ್ಲಿ. ಮಗು ನಿಂತು ಐದು ಗುಂಡು ಹೊಡೆಯುತ್ತದೆ, ಎರಡು ಚೆನ್ನಾಗಿ ಬಿದ್ದವೆಂದು ಆ ಡಬ್ಬಿಯೇ ಆಯ್ಕೆಯಾಗುತ್ತದೆ. ಅಲ್ಲಿ ಪರೀಕ್ಷೆಯಾದದ್ದು ಮಗುವಿನ ಕೈ. ರೈಫಲನ್ನು ಇಕ್ಕಳದಂತೆ ಹಿಡಿಯುವ ವೈಸ್‌ನಲ್ಲಿ ಬಿಗಿಯಿರಿ. ಅದಿಲ್ಲವೆಂದರೆ ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅನುಭವಸ್ಥರೊಬ್ಬರು ಕುಳಿತು ಹೊಡೆಯಲಿ. ಬ್ಯಾರೆಲ್ ಯಾವುದಕ್ಕೂ ಒರಗಬಾರದು. ರೈಫಲಿನ ಗಾಳಿಯ ಸಿಲಿಂಡರ್ ತುಂಬಿರಲಿ.

ಪೆಲೆಟ್ ಬದಲಿಸಿದಾಗೆಲ್ಲ ಇಪ್ಪತ್ತು-ಮೂವತ್ತು ಗುಂಡು ಸುಮ್ಮನೆ ಹೊಡೆದುಬಿಡಿ, ಲೆಕ್ಕಕ್ಕೆ ಬೇಡ. ಹಿಂದಿನ ಪೆಲೆಟ್ಟಿನ ಸೀಸ ಬ್ಯಾರೆಲ್ಲಿನೊಳಗೆ ಸವರಿಕೊಂಡಿರುತ್ತದೆ. ಹೊಸದು ಅದಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಹೊಸ ಡಬ್ಬಿ ಕೆಟ್ಟದ್ದೆಂದು ಮೊದಲ ಐದೇ ಗುಂಡಿಗೆ ಮೂಲೆಗೆ ಎಸೆದವರನ್ನು ಬಹಳ ನೋಡಿದ್ದೇನೆ. ಆಮೇಲೆ ಒಂದೊಂದು ಕಾಗದಕ್ಕೆ ಹತ್ತು ಗುಂಡು. ಐದು ಸಾಲದು, ಅದೃಷ್ಟ ಒಳನುಗ್ಗುತ್ತದೆ. ಗುಂಡು ಬದಿಗೆ ಬಿತ್ತೆಂದು ನಡುವೆ ಗುರಿ ನೋಡುವ ಸೈಟ್ ತಿರುಗಿಸಬೇಡಿ. ಎಲ್ಲಿ ಬಿದ್ದವು ಎಂಬುದು ಈಗ ಮುಖ್ಯವಲ್ಲ, ಎಷ್ಟು ಒತ್ತೊತ್ತಾಗಿ ಬಿದ್ದವು ಎಂಬುದೇ ಮುಖ್ಯ. ಮೂರು ಬಗೆಯಿದ್ದರೆ ಒಂದು, ಎರಡು, ಮೂರು ಎಂದು ಹೊಡೆದು, ಮರುಸುತ್ತಿನಲ್ಲಿ ಮೂರು, ಎರಡು, ಒಂದು ಎಂದು ಬನ್ನಿ. ಇಲ್ಲದಿದ್ದರೆ ಕೊನೆಯದಕ್ಕೆ ಯಾವಾಗಲೂ ಖಾಲಿಯಾಗುತ್ತಿರುವ ಸಿಲಿಂಡರೇ ಸಿಗುತ್ತದೆ.

ಅಳೆಯುವುದು ಹೀಗೆ: ತೂತುಗಳ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್ ಇಟ್ಟು, ಬಂದದ್ದರಲ್ಲಿ 4.5 ಕಳೆಯಿರಿ. 6 ಮಿ.ಮೀ. ಬಂದರೆ ಉಳಿದದ್ದು 1.5, ಅಂದರೆ ಪೆಲೆಟ್ ತನ್ನ ತಪ್ಪಿನಿಂದ ನಡುವಿನಿಂದ ಸರಿಯುವುದು ಹೆಚ್ಚೆಂದರೆ ಸುಮಾರು 0.75. ಆಗಲೂ 10.7 ಕೈಲಿದೆ. 8.5 ಬಂದರೆ ಮಗು ಉಸಿರು ಬಿಗಿಹಿಡಿದು ಅಲುಗದೆ ಹೊಡೆದರೂ ಗುಂಡು 10.2ಕ್ಕೆ ಜಾರಬಹುದು. ಆ ಮಗುವನ್ನು ಬೈಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಪರೀಕ್ಷೆಗೆಂದು ಡಬ್ಬಿಗಟ್ಟಲೆ ಕೊಳ್ಳಬೇಕಿಲ್ಲ. ರೇಂಜಿನ ಗೆಳೆಯರಿಂದ ಐವತ್ತೈವತ್ತು ಬದಲಿಸಿಕೊಳ್ಳಿ. ಡಬ್ಬಿಯ ಮೇಲಿನ ಲಾಟ್ ನಂಬರನ್ನೂ, ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆಯನ್ನೂ, ಬರೆದುಕೊಳ್ಳಿ. ಹೆಸರು, ಅಳತೆ ಒಂದೇ ಆದರೂ ಲಾಟ್ ಬದಲಾದರೆ ಗುಂಪು ಬದಲಾಗಬಹುದು. ಸಿಕ್ಕ ಲಾಟ್ ಒಗ್ಗಿತೆಂದರೆ ಇಡೀ ವರ್ಷಕ್ಕೆ ಆಗುವಷ್ಟು ಒಟ್ಟಿಗೇ ತನ್ನಿ. ಇದೊಂದು ವಿಷಯದಲ್ಲಿ ನಾನು ಜಿಪುಣತನ ಒಪ್ಪುವುದಿಲ್ಲ.

ಪ್ಲಾಸ್ಟಿಕ್ ಚೀಲದಲ್ಲಿ ತೂಕಕ್ಕೆ ಮಾರುವ ಪೆಲೆಟ್ ಬೇಡವೇ ಬೇಡ. ಪೆಲೆಟ್ ಡಮರುವಿನ ಹಾಗೆ, ನಡು ಸಣ್ಣ. ಸ್ಕರ್ಟ್ ಎನ್ನುವ ಹಿಂದಿನ ಅಂಚು ತೆಳು. ಒಂದಕ್ಕೊಂದು ಉಜ್ಜಿದರೆ ಆ ಅಂಚು ತಗ್ಗಾಗಿ, ಗಾಳಿ ಒಂದೇ ಬದಿಗೆ ಸೋರುತ್ತದೆ. ಕೆಳಗೆ ಬಿದ್ದ ಪೆಲೆಟನ್ನೂ ಎತ್ತಿ ಹಾಕಬೇಡಿ.

ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಲಿ, ಪಕ್ಕದಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬೆಳ್ಳಗೆ ಪುಡಿ ಹಿಡಿದ ಪೆಲೆಟನ್ನು ಎಸೆಯಿರಿ. ಇದು ಸೀಸ. ಮಕ್ಕಳು ಬಾಯಲ್ಲಿಟ್ಟುಕೊಳ್ಳದಂತೆ ನೋಡಿಕೊಳ್ಳಿ, ತಿಂಡಿಗೆ ಮುಂಚೆ ಸಾಬೂನಿನಿಂದ ಕೈ ತೊಳೆಸಿ.

ಎರಡು ಡಬ್ಬಿ ಉಳಿದಿರುವಾಗಲೇ ಮುಂದಿನ ಲಾಟ್ ತರಿಸಿ, ಹಳೆಯದರ ಪಕ್ಕದಲ್ಲಿಟ್ಟು ಹೊಡೆದು ನೋಡಿ.