ಸಾಣಿಕಟ್ಟಾದಿಂದ ಅಂಕೋಲೆಗೆ ಉಪ್ಪಿನ ದಾರಿ

ಉಪ್ಪಿನ ಚರಿತ್ರೆ ತೋರಿಸಲು ಸೈಕಲ್ ತಂಡ ಕರೆದೊಯ್ಯುವಾಗ ನಾನು ಅಂಕೋಲೆಯಿಂದ ಶುರು ಮಾಡುವುದಿಲ್ಲ. ಮೊದಲು ಗೋಕರ್ಣದ ಬಳಿಯ ಉಪ್ಪು ಬೆಳೆಯುವ ಊರು ಸಾಣಿಕಟ್ಟಾ. ಉಪ್ಪು ಬೆಳೆಯುವುದನ್ನು ಕಣ್ಣಾರೆ ಕಾಣದವರಿಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಬರೀ ತಾರೀಕಾಗಿಯೇ ಉಳಿಯುತ್ತದೆ.

ಹೊರಡುವುದು ಬೇಸಿಗೆಯಲ್ಲಿ, ಬೆಳಗಿನ ತಂಪಿನಲ್ಲಿ. ಮಧ್ಯಾಹ್ನವಾದರೆ ಕಡಲ ಗಾಳಿ ಎದ್ದು ಪೆಡಲ್ ತುಳಿಯುವುದೇ ಕಷ್ಟ. ಆಗರದ, ಅಂದರೆ ಉಪ್ಪು ಬೆಳೆಯುವ ಗದ್ದೆಯ, ಬದಿಯಲ್ಲಿ ಸೈಕಲ್ ನಿಲ್ಲಿಸಿ ಮುಂದೆ ನಡೆದೇ ಹೋಗಬೇಕೆಂಬುದು ನನ್ನ ಕಟ್ಟಪ್ಪಣೆ. ಜೇಡಿಮಣ್ಣಿನ ಒಡ್ಡಿನ ಮೇಲೆ ಚಕ್ರ ಹಾಯ್ದರೆ ಆ ಗಾಡಿಜಾಡನ್ನು ಮತ್ತೆ ಮೆತ್ತಬೇಕಾದವರು ಅಲ್ಲಿನ ಕೆಲಸಗಾರರು.

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಭರತಕ್ಕೆ (ಕಡಲು ಉಬ್ಬಿದಾಗ) ಏರುವ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸುತ್ತ ಬಿಸಿಲಿಗೆ ಇಂಗಿಸುತ್ತಾರೆ. ಕಡಲ ನೀರಿನಲ್ಲಿರುವ ಲವಣ ಸುಮಾರು 3.5 ಶೇಕಡಾ. ನೀರು ಗಟ್ಟಿಯಾದಂತೆ ಉಪ್ಪಿಗಿಂತ ಮೊದಲೇ ಜಿಪ್ಸಂ ತಳಕ್ಕಿಳಿಯುತ್ತದೆ. ಉಪ್ಪುನೀರಿನ ಗಟ್ಟಿತನ ಅಳೆಯುವ ಬೋಮೆ ಮಾಪಕ 25 ಡಿಗ್ರಿ ತೋರಿಸುವ ಹೊತ್ತಿಗೆ ಅಡುಗೆ ಉಪ್ಪಿನ ಹರಳು ಕಟ್ಟತೊಡಗುತ್ತದೆ. 30ರ ಹತ್ತಿರ ಬಂದರೆ ಉಳಿದ ನೀರನ್ನು ಹೊರಹಾಕಲೇಬೇಕು, ಇಲ್ಲದಿದ್ದರೆ ಮೆಗ್ನೀಸಿಯಂ ಬೆರೆತು ಉಪ್ಪು ಕಹಿಯಾಗುತ್ತದೆ. ಇಷ್ಟನ್ನೂ ನಾನು ಬಾಯಲ್ಲಿ ಹೇಳುವುದಕ್ಕಿಂತ ಕೆಲಸಗಾರರ ಅನುಮತಿ ಕೇಳಿ, ಬೇರೆ ಬೇರೆ ಮಡಿಯ ನೀರನ್ನು ಬೆರಳ ತುದಿಯಲ್ಲಿ ರುಚಿ ನೋಡಿಸುತ್ತೇನೆ. ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆ.

ಆಮೇಲೆ ಮಾದನಗೇರಿ ದಾಟಿ ಹೆದ್ದಾರಿ. ಇಲ್ಲಿ ಮಾತಿಲ್ಲ, ಲಾರಿಗಳ ನಡುವೆ ಒಬ್ಬರ ಹಿಂದೆ ಒಬ್ಬರು ಸಾಗಬೇಕು.

ಅಂಕೋಲೆ ತಲುಪಿದ ಮೇಲೆ ಹೇಳುವುದು ಹೆಚ್ಚೇನೂ ಇರುವುದಿಲ್ಲ, ಅರ್ಧ ಕತೆ ಅವರಿಗೆ ಆಗಲೇ ಗೊತ್ತಾಗಿರುತ್ತದೆ. ಕಡಲು, ಬಿಸಿಲು, ಮೈ ಬೆವರು ಎಲ್ಲ ಜನರದು. ಆದರೆ 1882ರ ಉಪ್ಪಿನ ಕಾಯ್ದೆಯಡಿ ಹಿಡಿತ ಸರ್ಕಾರದ್ದು, ಮೇಲೆ ತೆರಿಗೆ ಬೇರೆ. ದಂಡಿಯಲ್ಲಿ ಗಾಂಧೀಜಿ ಏಪ್ರಿಲ್ 6ರಂದು ಕಾನೂನು ಮುರಿದರು, ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯೂ ಮುರಿಯಿತು.

ಹೆಚ್ಚಿನವರು ಇಲ್ಲಿಗೆ ಮುಗಿಯಿತೆಂದು ಏಳುತ್ತಾರೆ. ನಾನು ಕೂರಿಸಿಕೊಳ್ಳುತ್ತೇನೆ. ಉಪ್ಪಿನಿಂದ ಧೈರ್ಯ ಪಡೆದ ಈ ಸೀಮೆಯ ರೈತರು ಮುಂದೆ ಕರನಿರಾಕರಣೆಗೆ ಇಳಿದರು, ಭೂಕಂದಾಯ ಕೊಡದೆ ಜಮೀನು ಜಪ್ತಿಯಾದರೂ ಜಗ್ಗಲಿಲ್ಲ. ರೈತರ ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಹಾಗೆ.